ಸ್ವಂತ ವ್ಯಾಪಾರದಿಂದ ನೌಕರಿಗೆ: ಕೆಲವು ಲೆಕ್ಕಾಚಾರಗಳು

ನೌಕರಿಯನ್ನು ತ್ಯಜಿಸಿ ಸ್ವಂತ ಉದ್ಯಮವನ್ನು ಸ್ಥಾಪಿಸಿ ಏಳಿಗೆ ಹೊಂದಿದ ಮಹನೀಯರ ವೃತ್ತಾಂತಗಳು ನಮ್ಮಲ್ಲಿ ವಿಪುಲವಾಗಿವೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು ಸೈನ್ಯದ ಸೇವೆಯಿಂದ ಹೊರಬಂದು, ಕೃಷಿಕರಾಗಿ ದುಡಿದು, ಮುಂದೆ 2003ರಲ್ಲಿ ಏರ್ ಡೆಕ್ಕನ್ ವಿಮಾನ ಸಂಸ್ಥೆಯನ್ನು ಆರಂಭಿಸಿದ ಸಂಗತಿಯನ್ನು ಅರಿಯದ ಕನ್ನಡಿಗರು ವಿರಳ. ಆದರೆ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದವರ ವಿಷಯವಾಗಿ, ಅಂದರೆ ಹಲವು ವರ್ಷ ಸ್ವಂತ ವ್ಯಾಪಾರವನ್ನು ನಡೆಸಿ, ಅದನ್ನು ಮುಚ್ಚಿ, ನಡುವಯಸ್ಸಿನಲ್ಲಿ ಇನ್ನೊಬ್ಬರ ಕೈಕೆಳಗೆ ನೌಕರಿಗೆ ಸೇರಿದವರ ವಿಷಯವಾಗಿ, ಯಾರೂ ಬರೆಯುವುದಿಲ್ಲ. ಹಾಗೆ ಸೇರಿದವರು ತಾವಾಗಿ ಹೇಳಿಕೊಳ್ಳುವುದೂ ಇಲ್ಲ. ಈ ಲೇಖಕನೂ ಬಹುಕಾಲ ಹೇಳಿಕೊಂಡಿರಲಿಲ್ಲ.

ವಾಣಿಜ್ಯಶಾಸ್ತ್ರದ ಪದವಿಯನ್ನು ಪಡೆದು 2003ರಲ್ಲಿ ಧಾರವಾಡದಿಂದ ಪುಣೆಗೆ ಬಂದ ನಾನು, ಎರಡು ವರ್ಷ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ದುಡಿದು, 2005ರಲ್ಲಿ ನನ್ನ ಸೋದರತ್ತೆಯ ಮಗನೊಡನೆ ಪಾಲುದಾರನಾಗಿ ಕಾಲೇಜೊಂದರ ಸಮೀಪದಲ್ಲಿ ಲೇಖನ ಸಾಮಗ್ರಿ ಮತ್ತು ಝೆರಾಕ್ಸ್ ಅಂಗಡಿಯನ್ನು ತೆರೆದೆ. ಏಳು ವರ್ಷ ಅದನ್ನು ನಡೆಸಿ 2012ರ ಮಾರ್ಚ್ 31ರಂದು ಅದರಿಂದ ನಿವೃತ್ತನಾದೆ. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಖಾಸಗಿ ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಕಿರಿಯ ಅಧಿಕಾರಿಯಾಗಿ ಸೇರಿದೆ. ಅಂದಿನಿಂದ ಇಂದಿನವರೆಗೆ ಸಣ್ಣ ವ್ಯಾಪಾರಿಗಳ ಲೆಕ್ಕಪತ್ರಗಳನ್ನು ಪರಿಶೀಲಿಸುವುದೇ ನನ್ನ ವೃತ್ತಿ. 2020ರ ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದ ನಂತರದ ವರ್ಷಗಳಲ್ಲಿ ಅಂಗಡಿ, ಖಾನಾವಳಿ, ಟ್ಯಾಕ್ಸಿ, ಮುದ್ರಣಾಲಯಗಳನ್ನು ಮುಚ್ಚಿ ನೌಕರಿಯನ್ನು ಅರಸುತ್ತ ಬಂದ ಎಷ್ಟೋ ಜನ ನನ್ನ ಮೇಜಿನ ಎದುರು ಕುಳಿತಿದ್ದಾರೆ. ಅವರಲ್ಲಿ ನಮ್ಮವರೂ ಸಾಕಷ್ಟು ಮಂದಿ. ಅವರೆಲ್ಲರಲ್ಲಿಯೂ ನಾನು ಕಂಡ ಸಮಾನ ದೋಷ ಒಂದೇ: ಬಾಗಿಲನ್ನು ಎಳೆದು ಬೀಗ ಹಾಕಿದೊಡನೆ ವ್ಯಾಪಾರ ಮುಗಿಯಿತೆಂದು ಅವರು ಭಾವಿಸಿರುತ್ತಾರೆ. ವ್ಯಾಪಾರ ಹಾಗೆ ಮುಗಿಯುವುದಿಲ್ಲ. ಅದರ ಹೊಣೆಗಳು ಹೊಸ ನೌಕರಿಯ ಮೊದಲ ಸಂಬಳದವರೆಗೂ, ಅದರಾಚೆಗೂ ಹಿಂಬಾಲಿಸುತ್ತವೆ. ಇದನ್ನು ನಾನು ಪುಸ್ತಕದಲ್ಲಿ ಓದಿ ತಿಳಿದದ್ದಲ್ಲ. ಆ ಪ್ರಸಂಗವನ್ನು ಮುಂದೆ ನಿವೇದಿಸುತ್ತೇನೆ.

ನಾವು ಪರಊರಿನಲ್ಲಿ ನೆಲೆಸಿದವರು. ವ್ಯಾಪಾರವನ್ನು ಮುಚ್ಚುವ ವಿಚಾರ ಬಂದಾಗ ನಮ್ಮನ್ನು ಮೊದಲು ಕಾಡುವುದು ಸಾಲವಲ್ಲ. ಊರಿಗೆ ಹೋದಾಗ ಏನು ಹೇಳುವುದೆಂಬ ಸಂಕೋಚ. ಈ ಸಂಕೋಚಕ್ಕೆ ನಮ್ಮ ಇತಿಹಾಸದಲ್ಲಿ ಆಧಾರವಿಲ್ಲ. ಮುಂಬಯಿಯ ಹೋಟೆಲುಗಳಲ್ಲಿ ಹಗಲು ದುಡಿದು, ಕೋಟೆ ವಿಭಾಗದ ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತು, ಗುಮಾಸ್ತರಾಗಿ, ಬ್ಯಾಂಕ್ ನೌಕರರಾಗಿ ಬಾಳಿದ ದಕ್ಷಿಣ ಕನ್ನಡದ ಹುಡುಗರ ಸಂಖ್ಯೆ ಅಲ್ಪವಲ್ಲ. 1925ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯನ್ನು ಕಟ್ಟಿದ ಮೂವರಲ್ಲಿ ಒಬ್ಬರು ವ್ಯಾಪಾರಿ, ಒಬ್ಬರು ಇಂಜಿನಿಯರ್, ಇನ್ನೊಬ್ಬರು ವೈದ್ಯರಾದ ಡಾ. ಟಿ.ಎಂ.ಎ. ಪೈ. ವೃತ್ತಿಯನ್ನು ಬದಲಿಸುವುದು ನಮ್ಮವರಿಗೆ ಹೊಸದಲ್ಲ. ಆ ಬ್ಯಾಂಕೇ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಸಂಸ್ಥೆಗಳೇ ಫಲಕವನ್ನು ಬದಲಿಸುವ ಕಾಲದಲ್ಲಿ ಒಬ್ಬ ಗೃಹಸ್ಥನು ಬದಲಿಸಿದರೆ ತಲೆ ತಗ್ಗಿಸುವ ಕಾರಣವಿಲ್ಲ.

ಗಲ್ಲಾಪೆಟ್ಟಿಗೆಯ ಭ್ರಮೆ

ಮುಚ್ಚಬೇಕೇ ಬೇಡವೇ ಎಂಬ ನಿರ್ಧಾರವನ್ನು ಮನಸ್ಸಿನ ಉದ್ವೇಗದಲ್ಲಿ ಮಾಡದೆ ಲೆಕ್ಕದ ಮೇಲೆ ಮಾಡಬೇಕು. ಸಣ್ಣ ವ್ಯಾಪಾರಿಯು ತಾನು ಗಲ್ಲಾಪೆಟ್ಟಿಗೆಯಿಂದ ಮನೆಖರ್ಚಿಗೆ ತೆಗೆದುಕೊಂಡ ಹಣವನ್ನೇ ತನ್ನ ಆದಾಯವೆಂದು ತಿಳಿಯುತ್ತಾನೆ. ಲೆಕ್ಕಶಾಸ್ತ್ರದಲ್ಲಿ ಅದಕ್ಕೆ ಹಿಂತೆಗೆತ ಎಂದು ಹೆಸರು, ಅದು ಲಾಭವಲ್ಲ. ಬಂಡವಾಳವನ್ನೇ ತಿನ್ನುತ್ತಿರುವಾಗಲೂ ಹಿಂತೆಗೆತ ನಡೆಯುತ್ತಲೇ ಇರುತ್ತದೆ.

ಒಂದು ಉದಾಹರಣೆಯನ್ನು ಪರಿಶೀಲಿಸೋಣ. ತಿಂಗಳಿಗೆ 3,00,000 ರೂಪಾಯಿ ಮಾರಾಟವಿರುವ ಒಂದು ಅಂಗಡಿ. ಮಾರಿದ ಸರಕಿನ ಖರೀದಿ ಬೆಲೆ 2,10,000. ಬಾಡಿಗೆ 30,000. ಸಹಾಯಕನ ಸಂಬಳ 18,000. ವಿದ್ಯುತ್ತು, ದೂರವಾಣಿ, ಸಾಗಣೆ ಇತ್ಯಾದಿ 7,000. ಉಳಿದದ್ದು 35,000. ಮಾಲೀಕನು ತನ್ನ ಆದಾಯ ತಿಂಗಳಿಗೆ ಮೂವತ್ತೈದು ಸಾವಿರವೆಂದು ಹೇಳುತ್ತಾನೆ. 26,000 ರೂಪಾಯಿ ಸಂಬಳದ ನೌಕರಿ ಬಂದರೆ ಅದನ್ನು ತಾತ್ಸಾರದಿಂದ ಕಾಣುತ್ತಾನೆ. ಆದರೆ ಅಂಗಡಿಯಲ್ಲಿ ಹೂಡಿದ 8,00,000 ರೂಪಾಯಿಯನ್ನು ಶೇಕಡಾ 7.5ರ ಠೇವಣಿಯಲ್ಲಿಟ್ಟಿದ್ದರೆ ತಿಂಗಳಿಗೆ 5,000 ಬಡ್ಡಿ ತಾನಾಗಿಯೇ ಬರುತ್ತಿತ್ತು. ಯಂತ್ರಗಳ ಸವಕಳಿ ತಿಂಗಳಿಗೆ 4,000 ಎಂದಿಟ್ಟುಕೊಳ್ಳಿ. ಗೃಹಿಣಿಯು ಪ್ರತಿದಿನ ಅರ್ಧ ಹೊತ್ತು ಅಂಗಡಿಯಲ್ಲಿ ಕೂರುತ್ತಾಳೆ. ಆ ಕೆಲಸಕ್ಕೆ ಬೇರೊಬ್ಬರನ್ನು ಇಟ್ಟಿದ್ದರೆ 8,000 ಕೊಡಬೇಕಿತ್ತು. ಇವಿಷ್ಟನ್ನು ಕಳೆದರೆ ಮಾಲೀಕನ ಸ್ವಂತ ದುಡಿಮೆಗೆ ಉಳಿಯುವುದು 18,000 ರೂಪಾಯಿ. ದಿನಕ್ಕೆ ಹನ್ನೆರಡೂವರೆ ಗಂಟೆ, ತಿಂಗಳಿಗೆ ಮೂವತ್ತೂ ದಿನ ದುಡಿದರೆ 375 ಗಂಟೆ. ಗಂಟೆಗೆ 48 ರೂಪಾಯಿ. ದಿನಕ್ಕೆ 9 ಗಂಟೆ, 25 ದಿನದ ನೌಕರಿಯಲ್ಲಿ 26,000 ಎಂದರೆ ಗಂಟೆಗೆ 115 ರೂಪಾಯಿಗಿಂತ ಹೆಚ್ಚು.

ಈ ಲೆಕ್ಕ ಎಲ್ಲರನ್ನೂ ನೌಕರಿಯ ಕಡೆಗೆ ತಳ್ಳಲು ಹೇಳಿದ್ದಲ್ಲ. ಸ್ವಂತ ಮಳಿಗೆ ಉಳ್ಳವರು, ಮಕ್ಕಳು ಮುಂದುವರಿಸುವ ಇಚ್ಛೆ ಉಳ್ಳವರು, ಮಾರಾಟವು ವರ್ಷದಿಂದ ವರ್ಷಕ್ಕೆ ಏರುತ್ತಿರುವವರು ಧೈರ್ಯದಿಂದ ಮುಂದುವರಿಯಬೇಕು. ಅಂಗಡಿಗೆ ಐವತ್ತೆಂಟರ ನಿವೃತ್ತಿಯಿಲ್ಲ ಎಂಬುದೂ ನಿಜ. ಆದರೆ ಲೆಕ್ಕ ಬರೆದು ನೋಡದೆ ಮುಂದುವರಿಯುವುದು ಅಭಿಮಾನವೇ ಹೊರತು ವ್ಯಾಪಾರವಲ್ಲ. ನಾವು ಈ ಲೆಕ್ಕವನ್ನು 2009ರಲ್ಲೇ ಬರೆದಿದ್ದರೆ ನನಗೆ ಮೂರು ವರ್ಷ ಉಳಿಯುತ್ತಿತ್ತು. ಇಬ್ಬರಲ್ಲಿ ಬಿ.ಕಾಂ. ಆದವನು ನಾನೇ!

ಮುಚ್ಚುವ ಕ್ರಮ

ವ್ಯಾಪಾರ ನಿಲ್ಲುವ ಸುದ್ದಿ ಹರಡಿದ ದಿನ ಒಂದು ವಿಚಿತ್ರ ಸಂಭವಿಸುತ್ತದೆ. ನಾವು ಕೊಡಬೇಕಾದವರೆಲ್ಲರೂ ಒಂದೇ ವಾರದಲ್ಲಿ ಬರುತ್ತಾರೆ. ನಮಗೆ ಕೊಡಬೇಕಾದವರು ಎದುರಿನ ಕಾಲುದಾರಿಯಿಂದ ಹೋಗಲಾರಂಭಿಸುತ್ತಾರೆ. ಆದುದರಿಂದ ಉದರಿಯ ವಸೂಲಿಯನ್ನು ಮುಚ್ಚುವುದಕ್ಕಿಂತ ನಾಲ್ಕೈದು ತಿಂಗಳ ಮುಂಚೆಯೇ ಆರಂಭಿಸಬೇಕು. ಪೂರ್ತಿ ಹಣ ಬಾರದಿದ್ದರೆ ಬಾಕಿಯ ಮೊತ್ತವನ್ನು ಒಪ್ಪಿ ಸಹಿ ಮಾಡಿದ ಒಂದು ಚೀಟಿಯನ್ನಾದರೂ ಪಡೆಯಬೇಕು. ಮಾರಿದ ಸರಕಿನ ಬಾಕಿಗಾಗಿ ದಾವೆ ಹೂಡಲು 1963ರ ಕಾಲಮಿತಿ ಕಾಯಿದೆಯಂತೆ 3 ವರ್ಷಗಳ ಅವಧಿಯಿದೆ. ಆ ಅವಧಿ ಮುಗಿಯುವುದರೊಳಗೆ ಋಣಿಯು ಬರಹದಲ್ಲಿ ಒಪ್ಪಿದರೆ ಅಂದಿನಿಂದ ಮತ್ತೆ ಹೊಸದಾಗಿ ಅವಧಿ ಆರಂಭವಾಗುತ್ತದೆ. ನ್ಯಾಯಾಲಯಕ್ಕೆ ಹೋಗುವ ಪ್ರಸಂಗ ಬಹುತೇಕ ಬರುವುದಿಲ್ಲ. ಸಹಿ ಮಾಡಿದವನಿಗೆ ತಾನು ಸಹಿ ಮಾಡಿದ್ದೇನೆಂಬ ನೆನಪಿರುತ್ತದೆ, ಅಷ್ಟೇ ಸಾಕು.

ಕೊಡತಕ್ಕ ಬಾಕಿಗಳಲ್ಲಿ ಮೊದಲ ಸ್ಥಾನ ಕೆಲಸಗಾರನ ಸಂಬಳಕ್ಕೆ. ಇದು ಕಾನೂನಿಗಿಂತ ಮಿಗಿಲಾಗಿ ಮರ್ಯಾದೆಯ ವಿಷಯ. ಅವನಿಗೆ ಒಂದು ತಿಂಗಳು ಮುಂಚೆ ತಿಳಿಸಿ, ಲೆಕ್ಕ ಚುಕ್ತಾ ಮಾಡಿ, ಅನುಭವ ಪತ್ರವನ್ನು ಬರೆದುಕೊಟ್ಟು ಕಳುಹಿಸಬೇಕು. ನಂತರ ಮಳಿಗೆಯ ಕರಾರನ್ನು ಓದಬೇಕು. ಮುಂಬಯಿ, ಪುಣೆಗಳಲ್ಲಿ ಲೀವ್ ಅಂಡ್ ಲೈಸೆನ್ಸ್ ಕರಾರುಗಳಲ್ಲಿ ನಿಗದಿತ ಅವಧಿಗೆ ಮುಂಚೆ ಬಿಡಲಾಗದ ಷರತ್ತು ಇರಬಹುದು. ಎಷ್ಟು ತಿಂಗಳ ನೋಟೀಸು ಕೊಡಬೇಕೆಂಬುದೂ ಅದರಲ್ಲಿಯೇ ಇರುತ್ತದೆ. ಠೇವಣಿಯ ಹಣವನ್ನು ನಂಬಿ ಇನ್ನೊಬ್ಬರಿಗೆ ಮಾತು ಕೊಡುವವರು ಈ ಷರತ್ತನ್ನು ಓದಿರುವುದಿಲ್ಲ.

ತೆರಿಗೆಯ ವಿಷಯದಲ್ಲಿ ಎರಡು ಮಾತು. ಜಿಎಸ್‌ಟಿ ನೋಂದಣಿ ಉಳ್ಳವರು ವ್ಯಾಪಾರ ನಿಂತ 30 ದಿನಗಳೊಳಗೆ ರದ್ದತಿಗೆ ಅರ್ಜಿ ಸಲ್ಲಿಸಬೇಕು. ಸಾಮಾನ್ಯ ಪದ್ಧತಿಯ ನೋಂದಣಿಯಾಗಿದ್ದರೆ, ರದ್ದತಿಯ ದಿನ ಅಥವಾ ಆದೇಶದ ದಿನ, ಇವುಗಳಲ್ಲಿ ಯಾವುದು ತಡವೋ ಅಲ್ಲಿಂದ 3 ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಅಂತಿಮ ವಿವರಪತ್ರವನ್ನು ಸಲ್ಲಿಸಬೇಕು. ಉಳಿದ ಸರಕಿನ ಮೇಲೆ ಹಿಂದೆ ಪಡೆದಿದ್ದ ತೆರಿಗೆ ಜಮೆಯನ್ನು ಅದರಲ್ಲಿ ಹಿಂದಿರುಗಿಸಬೇಕಾಗುತ್ತದೆ. ಅರ್ಜಿಯನ್ನೇ ಕೊಡದೆ ಸುಮ್ಮನೆ ಬಿಟ್ಟವರಿಗೆ, ಮಾರಾಟ ಶೂನ್ಯವಾಗಿದ್ದರೂ, ಪ್ರತಿ ವಿವರಪತ್ರಕ್ಕೂ ವಿಳಂಬ ಶುಲ್ಕ ಏರುತ್ತ ಹೋಗುತ್ತದೆ. ಎರಡನೆಯದು ಆದಾಯ ತೆರಿಗೆ. ವ್ಯಾಪಾರದ ನಷ್ಟವನ್ನು ಸಂಬಳದ ಆದಾಯದಿಂದ ಕಳೆಯಲು ಅವಕಾಶವಿಲ್ಲ. ಅದೇ ವರ್ಷದಲ್ಲೂ ಇಲ್ಲ, ಮುಂದಿನ ವರ್ಷಗಳಲ್ಲೂ ಇಲ್ಲ. ವಿವರಪತ್ರವನ್ನು ಗಡುವಿನೊಳಗೆ ಸಲ್ಲಿಸಿದ್ದರೆ ಮಾತ್ರ ಆ ನಷ್ಟವನ್ನು 8 ವರ್ಷಗಳವರೆಗೆ ಮುಂದಕ್ಕೆ ಒಯ್ದು ಮತ್ತೊಂದು ವ್ಯಾಪಾರದ ಲಾಭದಿಂದ ಕಳೆಯಬಹುದು. ಎಂದಾದರೂ ಮರಳಿ ವ್ಯಾಪಾರಕ್ಕೆ ಇಳಿಯುವ ಇಚ್ಛೆ ಉಳ್ಳವರು ಆ ಕೊನೆಯ ವರ್ಷದ ವಿವರಪತ್ರವನ್ನು ಅಲಕ್ಷಿಸಬಾರದು. ಬದಲಾವಣೆಯ ವರ್ಷದಲ್ಲಿ ವ್ಯಾಪಾರ ಮತ್ತು ಸಂಬಳ ಎರಡೂ ಆದಾಯಗಳಿರುವುದರಿಂದ ಸಂಬಳದಾರರ ಸರಳ ನಮೂನೆ ಆ ವರ್ಷಕ್ಕೆ ಸಲ್ಲದು.

ಇನ್ನು ಪಾಲುದಾರಿಕೆಯ ವಿಷಯ. ಇಲ್ಲಿ ನಾನು ವಿಳಂಬಿಸಿ ಹೇಳಲೇಬೇಕು.

2012ರ ಮಾರ್ಚ್ 31ರಂದು ನಾನು ಪಾಲುದಾರಿಕೆಯಿಂದ ನಿವೃತ್ತನಾದೆನೆಂದು ಸ್ಟಾಂಪ್ ಕಾಗದದ ಮೇಲೆ ಬರೆದು ನಾವಿಬ್ಬರೂ ಸಹಿ ಮಾಡಿದೆವು. ಭಾವನು ಅಂಗಡಿಯನ್ನು ತಾನೊಬ್ಬನೇ ನಡೆಸುವುದೆಂದೂ, ಮುಂದಿನ ಲಾಭ ನಷ್ಟಗಳು ಅವನಿಗೇ ಸೇರಿದುವೆಂದೂ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆ ಕಾಗದವನ್ನು ಟ್ರಂಕಿನಲ್ಲಿಟ್ಟು ನಾನು ನಿಶ್ಚಿಂತನಾದೆ. 2013ರ ನವೆಂಬರ್ ತಿಂಗಳಲ್ಲಿ, ನೌಕರಿಗೆ ಸೇರಿ ಹದಿನೈದು ತಿಂಗಳಾಗಿದ್ದಾಗ, ಕಾಗದದ ಸಗಟು ವ್ಯಾಪಾರಿಯೊಬ್ಬರ ವಕೀಲರಿಂದ ನನ್ನ ಹೆಸರಿಗೆ ನೋಟೀಸು ಬಂದಿತು. ನಾನು ಹೊರಬಂದ ಮೇಲೆ ಭಾವನು ಉದರಿಯಲ್ಲಿ ತರಿಸಿದ್ದ 1,86,000 ರೂಪಾಯಿಗಳ ಸರಕಿಗೆ ನಾನೂ ಹೊಣೆಗಾರನೆಂದು ಅದರಲ್ಲಿತ್ತು.

ನಾನು ಸ್ಟಾಂಪ್ ಕಾಗದವನ್ನು ಹಿಡಿದುಕೊಂಡು ಪರಿಚಿತ ವಕೀಲರ ಬಳಿ ಓಡಿದೆ. ಅವರು ಅದನ್ನು ಓದಿ, ಇದು ನಿಮ್ಮಿಬ್ಬರ ನಡುವಿನ ಮಾತು, ಮೂರನೆಯವರಿಗೆ ಇದು ಗೊತ್ತಾದದ್ದು ಹೇಗೆ ಎಂದು ಕೇಳಿದರು. 1932ರ ಪಾಲುದಾರಿಕೆ ಅಧಿನಿಯಮದ 32ನೆಯ ಕಲಮಿನಂತೆ, ನಿವೃತ್ತಿಯ ವಿಷಯವಾಗಿ ಸಾರ್ವಜನಿಕ ನೋಟೀಸು ಪ್ರಕಟವಾಗುವವರೆಗೆ, ನಿವೃತ್ತ ಪಾಲುದಾರನು ಮುಂದಿನ ವ್ಯವಹಾರಗಳಿಗೂ ಮೂರನೆಯವರಿಗೆ ಹೊಣೆಯಾಗಿ ಉಳಿಯುತ್ತಾನೆ. ಅವನು ಪಾಲುದಾರನೆಂಬುದೇ ತಿಳಿಯದೆ ವ್ಯವಹರಿಸಿದವರಿಗೆ ಮಾತ್ರ ಈ ಹೊಣೆಯಿಲ್ಲ. ಆದರೆ ಆ ಸಗಟು ವ್ಯಾಪಾರಿಯ ಬಳಿ 2005ರಲ್ಲಿ ಖಾತೆ ತೆರೆದವನೇ ನಾನು! ನೋಂದಾಯಿತ ಪಾಲುದಾರಿಕೆಯಾದರೆ ನಿವೃತ್ತಿಯ ನೋಟೀಸನ್ನು ಫರ್ಮುಗಳ ರಿಜಿಸ್ಟ್ರಾರರಿಗೆ ಸಲ್ಲಿಸಿ, ಸರಕಾರಿ ರಾಜ್ಯಪತ್ರದಲ್ಲೂ, ಆ ಜಿಲ್ಲೆಯಲ್ಲಿ ಪ್ರಸಾರವುಳ್ಳ ಒಂದು ದೇಶಭಾಷಾ ಪತ್ರಿಕೆಯಲ್ಲೂ ಪ್ರಕಟಿಸಬೇಕು. ನಮ್ಮದು ನೋಂದಾಯಿತ ಪಾಲುದಾರಿಕೆ. ನಾವು ಮೂರರಲ್ಲಿ ಒಂದನ್ನೂ ಮಾಡಿರಲಿಲ್ಲ. ನಾನು ಪದವಿ ತರಗತಿಯಲ್ಲಿ ಈ ಕಲಮನ್ನು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಬರೆದಿದ್ದೆ ಎಂಬುದನ್ನು ವಕೀಲರಿಗೆ ಹೇಳಲು ನಾಚಿಕೆಯಾಯಿತು.

ಮಾತುಕತೆ ನಡೆದು 1,40,000 ರೂಪಾಯಿಗೆ ಒಪ್ಪಂದವಾಯಿತು. ತಿಂಗಳಿಗೆ ಹತ್ತು ಸಾವಿರದಂತೆ ಹದಿನಾಲ್ಕು ಕಂತು. ಆಗ ನನ್ನ ಕೈಗೆ ಬರುತ್ತಿದ್ದ ಸಂಬಳ 22,000. ಮನೆಯನ್ನು ಹೇಗೆ ನಡೆಸಿದೆವೆಂಬುದು ನನ್ನ ಪತ್ನಿಗೆ ಗೊತ್ತು. ಭಾವನು ಮೋಸಗಾರನಲ್ಲ, ಅವನೂ ಮುಳುಗುತ್ತಿದ್ದ. ಅಂಗಡಿಯನ್ನು ಉಳಿಸಲು ಇನ್ನೊಂದು ಲೋಡು ಕಾಗದ ತರಿಸಿದರೆ ಸಾಕೆಂದು ನಂಬಿದ್ದ. ಆದರೂ ಎರಡು ವರ್ಷ ನಮ್ಮ ಎರಡು ಮನೆಗಳ ನಡುವೆ ಮಾತಿರಲಿಲ್ಲ. ಸೋದರತ್ತೆಯ ಮನೆಯಲ್ಲಿ ನಡೆದ ಮದುವೆಗೂ ನಾವು ಹೋಗಲಿಲ್ಲ. ಒಂದು ಪತ್ರಿಕಾ ಪ್ರಕಟಣೆಯ ಖರ್ಚನ್ನು ಉಳಿಸಿದ್ದರ ಫಲ ಅದು.

ಜಾಮೀನಿನ ವಿಷಯವೂ ಇದರಂತೆಯೇ. ವ್ಯಾಪಾರದಿಂದ ಹೊರಬಂದರೂ, ಅದರ ಸಾಲಕ್ಕೆ ಬ್ಯಾಂಕಿಗೆ ಕೊಟ್ಟ ವೈಯಕ್ತಿಕ ಜಾಮೀನು ತಾನಾಗಿ ರದ್ದಾಗುವುದಿಲ್ಲ. ಮುಂದುವರಿಯುವ ಜಾಮೀನನ್ನು, ಮುಂದಿನ ವ್ಯವಹಾರಗಳ ಮಟ್ಟಿಗೆ, ಬ್ಯಾಂಕಿಗೆ ನೋಟೀಸು ಕೊಟ್ಟು ಹಿಂತೆಗೆದುಕೊಳ್ಳಲು 1872ರ ಕರಾರು ಅಧಿನಿಯಮದಲ್ಲಿ ಅವಕಾಶವಿದೆ. ಹಳೆಯ ಬಾಕಿಗೆ ಹೊಣೆ ಉಳಿಯುತ್ತದೆ. ಬ್ಯಾಂಕಿನಿಂದ ಬಿಡುಗಡೆಯನ್ನು ಬರಹದಲ್ಲಿ ಪಡೆಯಬೇಕು. ವ್ಯವಸ್ಥಾಪಕರು ಬಾಯಿಮಾತಿನಲ್ಲಿ ಆಗಲಿ ಎಂದರೆ ಸಾಲದು. ಅವರಿಗೆ ಮೂರು ವರ್ಷಕ್ಕೊಮ್ಮೆ ವರ್ಗವಾಗುತ್ತದೆ. ಏಕ ಮಾಲೀಕತ್ವದ ಅಂಗಡಿಗಾದರೋ ಮಾಲೀಕನಿಗೂ ವ್ಯಾಪಾರಕ್ಕೂ ಕಾನೂನಿನಲ್ಲಿ ಭೇದವೇ ಇಲ್ಲ. ಅಂಗಡಿಯ ಸಾಲವೆಂದರೆ ಅವನದೇ ಸಾಲ.

ಸಾಲ ತೀರಿಸುವಲ್ಲಿ ಇನ್ನೊಂದು ಸೂಕ್ಷ್ಮವುಂಟು. ಪೂರ್ತಿ ಹಣ ಕೊಟ್ಟು ಮುಚ್ಚಿದ ಸಾಲವೂ, ರಿಯಾಯಿತಿಯ ಮೇಲೆ ರಾಜಿ ಮಾಡಿಕೊಂಡ ಸಾಲವೂ ಸಾಲಗಾರನ ದೃಷ್ಟಿಯಲ್ಲಿ ಒಂದೇ. ಸಿಬಿಲ್ ವರದಿಯಲ್ಲಿ ಅಲ್ಲ. ಎರಡನೆಯದು ಸೆಟಲ್ಡ್ ಎಂದು ದಾಖಲಾಗಿ ಹಲವು ವರ್ಷ ಉಳಿಯುತ್ತದೆ. ಮುಂದೆ ಗೃಹಸಾಲ ಕೇಳಿದಾಗ ಅದು ಅಡ್ಡ ಬರುತ್ತದೆ. ಬ್ಯಾಂಕ್ ನೌಕರಿಗೆ ತೆಗೆದುಕೊಳ್ಳುವಾಗ ಅಭ್ಯರ್ಥಿಯ ಸಾಲದ ಚರಿತ್ರೆಯನ್ನು ನೋಡುವ ಪದ್ಧತಿಯೂ ಈಗ ಬಂದಿದೆ. ಸಾಧ್ಯವಿದ್ದಲ್ಲಿ ಕಂತು ಹೆಚ್ಚಿಸಿಕೊಂಡಾದರೂ ಪೂರ್ತಿ ತೀರಿಸಿ, ಬಾಕಿ ಇಲ್ಲವೆಂಬ ಪ್ರಮಾಣಪತ್ರವನ್ನು ಪಡೆಯುವುದು ಲೇಸು. ಚಾಲ್ತಿ ಖಾತೆಯನ್ನು ಮಾತ್ರ ಎಲ್ಲಕ್ಕಿಂತ ಕೊನೆಗೆ ಮುಚ್ಚಬೇಕು. ತಡವಾಗಿ ಬರುವ ಗ್ರಾಹಕರ ಚೆಕ್ಕು, ವಿದ್ಯುತ್ ಠೇವಣಿ, ತೆರಿಗೆಯ ಮರುಪಾವತಿ ಇವೆಲ್ಲ ಆ ಖಾತೆಯ ಹೆಸರಿಗೇ ಬರುತ್ತವೆ.

ಸಂದರ್ಶನ

ನನ್ನ ಮೊದಲ ಸಂದರ್ಶನದಲ್ಲಿ, ಕಳೆದ ಏಳು ವರ್ಷ ಏನು ಮಾಡುತ್ತಿದ್ದಿರಿ ಎಂದು ಕೇಳಿದಾಗ, ಏನಿಲ್ಲ ಸಾರ್, ಸಣ್ಣದೊಂದು ಅಂಗಡಿ ಇತ್ತು ಎಂದು ಉತ್ತರಿಸಿದೆ. ಏಳು ವರ್ಷದ ದುಡಿಮೆಯನ್ನು ನಾನೇ ಏನಿಲ್ಲ ಎಂದ ಮೇಲೆ ಅವರು ಬೇರೆ ಏನೆಂದು ತಿಳಿಯಬೇಕು? ಎರಡನೆಯ ಕಡೆ ಅತಿಯಾಗಿ ಸಮರ್ಥಿಸಿಕೊಂಡೆ, ಅದೂ ಫಲಿಸಲಿಲ್ಲ. ಮೂರನೆಯದು ನಾನು ಸೇರಿದ ಬ್ಯಾಂಕು. ಅಲ್ಲಿಯ ಅಧಿಕಾರಿಯೊಬ್ಬರು ಅಂಗಡಿ ಏಕೆ ನಿಂತಿತೆಂದು ಕೇಳಲಿಲ್ಲ. ಉದರಿ ಎಷ್ಟು ಕೊಟ್ಟಿದ್ದಿರಿ, ಎಷ್ಟು ಮರಳಿ ಬಂತು ಎಂದು ಕೇಳಿದರು. ಬರಬೇಕಾದದ್ದು 94,000, ಐದು ತಿಂಗಳಲ್ಲಿ ಬಂದದ್ದು 71,000 ಎಂದೆ. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂದರು. ಕಾಲೇಜಿನ ಕಚೇರಿಯವರು ಮೂರು ತಿಂಗಳು ತಡ ಮಾಡುತ್ತಾರೆ, ಆದರೆ ಒಂದು ಪೈಸೆ ಉಳಿಸಿಕೊಳ್ಳುವುದಿಲ್ಲ. ಹೊಸ ಟ್ಯೂಷನ್ ಕ್ಲಾಸಿನವರು ಮೊದಲ ಎರಡು ತಿಂಗಳು ಬಿಲ್ಲು ಬಂದ ದಿನವೇ ಕೊಟ್ಟು, ಉದರಿ ದೊಡ್ಡದಾದ ಮೇಲೆ ಜಾಗ ಬದಲಿಸುತ್ತಾರೆ ಎಂದೆ. ಅವರು ನಕ್ಕು ಏನನ್ನೋ ಬರೆದುಕೊಂಡರು. ಸಾಲ ವಿಭಾಗಕ್ಕೆ ಬೇಕಾದದ್ದು ಆ ತಿಳಿವಳಿಕೆಯೇ ಎಂದು ನನಗೆ ಅರ್ಥವಾದದ್ದು ಸೇರಿದ ಮೇಲೆ.

ಹಾಗಾಗಿ ನನ್ನ ಬಳಿ ಬರುವವರಿಗೆ ನಾನು ಹೇಳುವುದು ಇಷ್ಟೇ: ಗುಣಗಳನ್ನು ಹೇಳಬೇಡಿ, ಅಂಕಿಗಳನ್ನು ಹೇಳಿ. ಖಾನಾವಳಿ ನಡೆಸಿದವರು ದಿನಕ್ಕೆ ಎಷ್ಟು ಊಟ, ಎಷ್ಟು ಕೆಲಸಗಾರರು, ಎಷ್ಟು ಸಾಮಗ್ರಿ ವ್ಯರ್ಥವಾಗುತ್ತಿತ್ತು, ಅದನ್ನು ಹೇಗೆ ತಗ್ಗಿಸಿದಿರಿ ಎಂಬುದನ್ನು ಹೇಳಲಿ. ಕಂಪೆನಿಗಳ ಕ್ಯಾಂಟೀನು, ಆಸ್ಪತ್ರೆಗಳ ಅಡುಗೆಮನೆಗಳಿಗೆ ಇದನ್ನು ಬಲ್ಲವರು ಬೇಕು. ಅಂಗಡಿ ಏಕೆ ಮುಚ್ಚಿತೆಂದು ಕೇಳಿದರೆ ಬಾಡಿಗೆ ಎಷ್ಟರಿಂದ ಎಷ್ಟಕ್ಕೆ ಏರಿತು, ಮಾರಾಟ ಎಷ್ಟಕ್ಕೆ ಇಳಿಯಿತು ಎಂದು ಎರಡು ವಾಕ್ಯಗಳಲ್ಲಿ ಮುಗಿಸಬೇಕು. ಪಾಲುದಾರನನ್ನು ದೂಷಿಸಬಾರದು.

ನೌಕರಿಯಲ್ಲಿದ್ದವನಿಗೆ ಬಿಡುಗಡೆ ಪತ್ರ, ಸಂಬಳದ ಚೀಟಿಗಳಿರುತ್ತವೆ, ವ್ಯಾಪಾರಿಗೆ ಇವಿರುವುದಿಲ್ಲ. ಅವುಗಳ ಬದಲಿಗೆ ಕೊನೆಯ ಮೂರು ವರ್ಷಗಳ ಆದಾಯ ತೆರಿಗೆ ವಿವರಪತ್ರ, ಅಂಗಡಿಯ ನೋಂದಣಿ, ಜಿಎಸ್‌ಟಿ ರದ್ದತಿಯ ಆದೇಶ, ಚಾಲ್ತಿ ಖಾತೆಯ ವಿವರ, ಇಬ್ಬರು ಕಾಯಂ ಗ್ರಾಹಕರ ಪತ್ರ ಇವನ್ನು ಒಂದು ಕಡತದಲ್ಲಿ ಜೋಡಿಸಿಟ್ಟರೆ, ಕಂಪೆನಿಯು ಪರಿಶೀಲನೆಗೆ ಕೇಳಿದಾಗ ಪರದಾಡಬೇಕಾಗುವುದಿಲ್ಲ. ತೆರಿಗೆ ಉಳಿಸಲೆಂದು ವಿವರಪತ್ರವನ್ನೇ ಸಲ್ಲಿಸದಿದ್ದವರು ತಮ್ಮ ಏಳೆಂಟು ವರ್ಷಗಳಿಗೆ ಸಾಕ್ಷಿಯನ್ನೇ ಕಳೆದುಕೊಂಡಿರುತ್ತಾರೆ.

ದೇಹದ ಲೆಕ್ಕ

ಈ ಸಂಚಿಕೆಯಲ್ಲಿ ವೈದ್ಯರ ಲೇಖನಗಳೂ ಇರುವುದರಿಂದ ಅವರ ಕ್ಷೇತ್ರವನ್ನು ನಾನು ಅತಿಕ್ರಮಿಸಲಾರೆ. ಆದರೆ ನೌಕರಿಗೆ ಸೇರುವ ಮುನ್ನ ನಡೆದ ವೈದ್ಯಕೀಯ ಪರೀಕ್ಷೆಯಲ್ಲಿ ನನ್ನ ರಕ್ತದೊತ್ತಡ 150/100 ಎಂದು ತೋರಿತೆಂಬುದನ್ನು ಹೇಳಲೇಬೇಕು. 140/90 ಮೀರಿದರೆ ಅಧಿಕವೆಂದು ವೈದ್ಯರು ಹೇಳಿದರು. ಆಗ ನನ್ನ ವಯಸ್ಸು 31. ಏಳು ವರ್ಷದಲ್ಲಿ ಒಮ್ಮೆಯೂ ಅಳೆಸಿರಲಿಲ್ಲ. ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ, ಅದೂ ಗ್ರಾಹಕರ ನಡುವೆ ನಿಂತು. ರಾತ್ರಿ ಹತ್ತೂವರೆಗೆ ಮನೆ. ಭಾನುವಾರ ದಾಸ್ತಾನಿನ ಎಣಿಕೆ. ಅಂಗಡಿಯ ಯಂತ್ರಕ್ಕೆ ಸವಕಳಿ ಬರೆದವನು ನನಗೆ ಬರೆದುಕೊಂಡಿರಲಿಲ್ಲ. ವ್ಯಾಪಾರ ಬಿಡುವ ಸನ್ನಾಹದಲ್ಲಿರುವವರು ಮೊದಲೇ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಲಿ. ಹೊಸ ನೌಕರಿಯ ಮೊದಲ ತಿಂಗಳುಗಳಲ್ಲಿ ಸಂಜೆ ಆರು ಗಂಟೆಗೆ ಮನೆಗೆ ಬಂದು ಏನು ಮಾಡುವುದೆಂದು ತೋಚದೆ, ನಿದ್ರೆ ಬಾರದೆ ಚಡಪಡಿಸುವುದೂ ಉಂಟು. ನನಗೆ ಅದು ಆರು ತಿಂಗಳು ಹಿಡಿಯಿತು. ತನಗಿಂತ ಎಂಟು ವರ್ಷ ಕಿರಿಯನಾದ ಮೇಲಧಿಕಾರಿಯಿಂದ ರಜೆಗೆ ಅನುಮತಿ ಕೇಳುವುದು ಕಷ್ಟ. ಅದು ರೂಢಿಯಾಗುತ್ತದೆ, ಆದರೆ ಆಗುವವರೆಗೆ ಮನೆಯವರೊಡನೆ ಮಾತನಾಡುತ್ತಿರಬೇಕು. ನಿದ್ರಾಹೀನತೆ ವಾರಗಟ್ಟಲೆ ಮುಂದುವರಿದರೆ ವೈದ್ಯರನ್ನು ಕಾಣಬೇಕು.

ಕಂಪೆನಿಯು ಗುಂಪು ಆರೋಗ್ಯ ವಿಮೆಯನ್ನು ಕೊಡುತ್ತದೆಂದು ಸ್ವಂತ ಪಾಲಿಸಿಯನ್ನು ನಿಲ್ಲಿಸುವುದು ಅವಿವೇಕ. ನೌಕರಿ ಹೋದ ದಿನ ಗುಂಪು ವಿಮೆಯೂ ಹೋಗುತ್ತದೆ. ಆಗ ಹೊಸ ಪಾಲಿಸಿ ಕೊಂಡರೆ ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿ ಮತ್ತೆ ಮೊದಲಿನಿಂದ ಆರಂಭವಾಗಬಹುದು. ಆ ಅವಧಿಯ ಗರಿಷ್ಠ ಮಿತಿಯನ್ನು ವಿಮಾ ಪ್ರಾಧಿಕಾರವು 2024ರಲ್ಲಿ 48 ತಿಂಗಳಿಂದ 36 ತಿಂಗಳಿಗೆ ಇಳಿಸಿದೆಯಾದರೂ ನಲವತ್ತೈದು ದಾಟಿದವರಿಗೆ ಮೂರು ವರ್ಷ ಸಣ್ಣ ಅವಧಿಯಲ್ಲ.

ನಿವೃತ್ತಿಯ ಹಣದ ವಿಷಯ ಸಂಕ್ಷೇಪವಾಗಿ. ತಡವಾಗಿ ಸೇರಿದವರಿಗೆ ಭವಿಷ್ಯನಿಧಿ ಬೆಳೆಯಲು ಕಾಲ ಕಡಿಮೆ. ನೌಕರರ ಪಿಂಚಣಿ ಯೋಜನೆಯ ವ್ಯಾಪ್ತಿಗೆ ಬರುವವರಿಗೂ ಮಾಸಿಕ ಪಿಂಚಣಿ ದೊರೆಯಲು 10 ವರ್ಷಗಳ ಸೇವೆ ಬೇಕು. 58ಕ್ಕೆ ಆ ಯೋಜನೆಯ ಸದಸ್ಯತ್ವ ಮುಗಿಯುವುದರಿಂದ, 48 ದಾಟಿ ಮೊದಲ ಬಾರಿಗೆ ಸೇರಿದವರಿಗೆ ಅದು ದಕ್ಕುವುದಿಲ್ಲ, ಇಡಿಗಂಟು ಮಾತ್ರ. ಆದುದರಿಂದ ವ್ಯಾಪಾರದ ದಿನಗಳಲ್ಲಿ ತೆರೆದ ಪಿಪಿಎಫ್ ಅಥವಾ ಎನ್‌ಪಿಎಸ್ ಖಾತೆಯನ್ನು ನೌಕರಿ ಸಿಕ್ಕಿತೆಂದು ಬಿಟ್ಟುಬಿಡಬಾರದು. ಅಂಗಡಿಯ ಸಾಮಾನು, ಯಂತ್ರ ಮಾರಿ ಬಂದ ಹಣದಲ್ಲಿ ಆರು ತಿಂಗಳ ಮನೆಖರ್ಚನ್ನು ಬೇರೆ ಇಟ್ಟು ಉಳಿದದ್ದನ್ನು ಇಂತಹ ಖಾತೆಗಳ ಕಡೆಗೆ ತಿರುಗಿಸುವುದು ಒಳ್ಳೆಯದು. ಮಗಳ ಮದುವೆ, ಊರಿನ ಮನೆಯ ದುರಸ್ತಿ ಇವು ಆ ಹಣದ ವಾಸನೆಯನ್ನು ಬಹುಬೇಗ ಹಿಡಿಯುತ್ತವೆ.

ನಮ್ಮ ಹಳೆಯ ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ದುರಸ್ತಿಯವರಿದ್ದಾರೆ. ಭಾವನು 2014ರಿಂದ ಶಾಲೆಯೊಂದರ ಉಗ್ರಾಣ ವಿಭಾಗದಲ್ಲಿದ್ದಾನೆ. ಕಳೆದ ದೀಪಾವಳಿಗೆ ಅವರೆಲ್ಲ ನಮ್ಮ ಮನೆಗೆ ಬಂದಿದ್ದರು.

ಈ ವಿಷಯಗಳಲ್ಲಿ ಸಂದೇಹವುಳ್ಳ ಸದಸ್ಯರು ಭಾನುವಾರ ಬೆಳಿಗ್ಗೆ ಸಂಘದ ವಾಚನಾಲಯದಲ್ಲಿ ನನ್ನನ್ನು ಕಾಣಬಹುದು. ಬರುವಾಗ ಕೊನೆಯ ಮೂರು ವರ್ಷಗಳ ವಿವರಪತ್ರಗಳನ್ನೂ, ಪಾಲುದಾರಿಕೆಯಾಗಿದ್ದಲ್ಲಿ ಅದರ ಕರಾರು ಪತ್ರವನ್ನೂ ತರಬೇಕಾಗಿ ವಿನಂತಿ.